‘ಜನ ಒಪ್ಪಲ್ಲ’ ಅನ್ನುವಾಗಿನ ಆ ಜನ ಯಾರು?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಎಲ್ಲ ಕ್ರೈಸ್ತ ಬಂಧುಗಳಿಗೆ,

ಭಾನುವಾರ ಬಲಿಪೂಜೆಗೆ ಹೋಗುವವರಿಗೂ, ಸಿಎಸ್‌ಐ ಆರಾಧನೆಗೆ ಹೋಗುವವರಿಗೂ, ಬಾಡಿಗೆ ಮಳಿಗೆಯ ಮಹಡಿಯಲ್ಲಿ ಕೀಬೋರ್ಡ್ ಇಟ್ಟುಕೊಂಡು ಪ್ರಾರ್ಥನೆ ನಡೆಸುವವರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಮೂರು ಗುಂಪಿಗೂ ಹೊಂದಾಣಿಕೆ ಇರುವ ಸಂಗತಿಗಳು ಕಡಿಮೆ. ಒಬ್ಬರ ಸ್ನಾನದೀಕ್ಷೆಯನ್ನು ಇನ್ನೊಬ್ಬರು ಒಪ್ಪುವುದಿಲ್ಲ, ಒಬ್ಬರ ಮಾತೆಯ ಹಬ್ಬ ಇನ್ನೊಬ್ಬರಿಗೆ ವಿಗ್ರಹಾರಾಧನೆ. ಆದರೆ ಒಂದು ಪ್ರಶ್ನೆಗೆ ಮಾತ್ರ ಮೂವರದೂ ಒಂದೇ ಉತ್ತರ. ‘ನಿಮ್ಮ ಗುರುಗಳೋ ಪಾಸ್ಟರೋ ಸಲಿಂಗಪ್ರೇಮಿ ಅಂತ ತಿಳಿದರೆ ಏನು ಮಾಡುತ್ತೀರಿ?’ ಎಂದು ಕೇಳಿ ನೋಡಿ. ಅಂಥವರು ನಮ್ಮಲ್ಲಿಲ್ಲ, ಇದ್ದರೂ ಬಾಯಿಬಿಡಬಾರದು, ಬಾಯಿಬಿಟ್ಟರೆ ಇರಬಾರದು.

ಇದನ್ನೇ ಹಿರಿಯ ಗುರುಗಳೊಬ್ಬರ ಮುಂದೆ ಎತ್ತಿದಾಗ ಅವರು ತಗ್ಗಿದ ದನಿಯಲ್ಲಿ, ‘ನಮಗೇನೂ ಇಲ್ಲಮ್ಮ ಟೀಚರ್, ಆದರೆ ಜನ ಒಪ್ಪಲ್ಲ’ ಎಂದರು. ಸಿಎಸ್‌ಐನ ಪರಿಚಿತ ಸಭಾಪಾಲಕರೂ ಅದನ್ನೇ ಹೇಳಿದರು. ಜನ ಅಂದರೆ ಯಾರು? ಮುಂದಿನ ಬೆಂಚಿನಲ್ಲಿ ಕೂರುವ ನಾನು, ಹಿಂದಿನ ಬೆಂಚಿನಲ್ಲಿ ಕೂರುವ ನೀವು. ನಮ್ಮನ್ನು ಯಾರೂ ಕೇಳಿಲ್ಲ, ನಮ್ಮ ಉತ್ತರವನ್ನು ಮಾತ್ರ ಅವರೇ ಹೇಳಿಬಿಡುತ್ತಿದ್ದಾರೆ. ಅದಕ್ಕಾಗಿಯೇ ಇದನ್ನು ಧರ್ಮಾಧ್ಯಕ್ಷರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದು.

ನಾನು ಯಾಕೆ ಬರೆಯಬೇಕು ಎಂದರೆ, ನನ್ನ ತಮ್ಮನ ಮಗನ ಕಾರಣಕ್ಕೆ. ಹತ್ತನೇ ತರಗತಿ ಮುಗಿಸಿ ಗುರುಮಠ ಸೇರಿದವನು. ಓದಿನಲ್ಲಿ ಚುರುಕು, ಕಂಠವೂ ಚೆನ್ನಾಗಿತ್ತು. ರಜೆಗೆ ಬಂದಾಗ ಕಬ್ಬಿನ ಗದ್ದೆಗೆ ನೀರು ಕಟ್ಟಿ, ಸಂಜೆ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಜಪಸರ ಹೇಳಿಸುತ್ತಿದ್ದ. ಗುರುದೀಕ್ಷೆ ಹತ್ತಿರ ಬಂದಾಗ ತನ್ನ ಮಾರ್ಗದರ್ಶಿ ಗುರುಗಳ ಹತ್ತಿರ ನಿಜ ಹೇಳಿಕೊಂಡ: ನನಗೆ ಹೆಂಗಸರ ಕಡೆ ಮನಸ್ಸು ಹರಿದಿದ್ದೇ ಇಲ್ಲ, ಗಂಡಸರ ಕಡೆ ಹರಿಯುತ್ತದೆ, ವ್ರತ ಪಾಲಿಸುತ್ತೇನೆ, ಆದರೆ ನಾನು ಯಾರು ಅನ್ನುವುದನ್ನು ಮುಚ್ಚಿಟ್ಟುಕೊಂಡು ಬಲಿಪೀಠದ ಮುಂದೆ ನಿಲ್ಲಲಾರೆ. ಆ ಗುರುಗಳು ಕೆಟ್ಟವರಲ್ಲ. ಬೈಯಲಿಲ್ಲ, ಹೊರಗೆ ಹಾಕಿಸಲಿಲ್ಲ. ‘ನನಗೆ ಹೇಳಿದೆಯಲ್ಲ, ಸಾಕು. ಇನ್ಯಾರಿಗೂ ಹೇಳಬೇಡ. ಸುಮ್ಮನೆ ದೀಕ್ಷೆ ತಗೊ’ ಎಂದರಂತೆ. ಇವನಿಗೆ ಅದು ಆಗಲಿಲ್ಲ. ‘ಅತ್ತೆ, ದಿನಾ ಬೇರೆಯವರ ಪಾಪನಿವೇದನೆ ಕೇಳ್ಬೇಕಾದೋನು ನಾನೇ ಸುಳ್ಳಿನ ಮೇಲೆ ಕೂತಿರೋದಾ?’ ಎಂದು ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಟ್ಟ.

ಸುಳ್ಳು ಹೇಳಿದ್ದರೆ ಈ ಹೊತ್ತಿಗೆ ಗುರುಗಳಾಗಿರುತ್ತಿದ್ದ. ನಿಜ ಹೇಳಿದ್ದರಿಂದ ಬೆಂಗಳೂರಿನ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ನಮ್ಮ ಕಟ್ಟಳೆ ಯಾರನ್ನು ಒಳಗಿಟ್ಟುಕೊಳ್ಳುತ್ತದೆ, ಯಾರನ್ನು ಹೊರಗೆ ಕಳಿಸುತ್ತದೆ ನೋಡಿ. ಸಲಿಂಗಪ್ರೇಮಿಗಳು ಗುರುಗಳಾಗುವುದನ್ನು ಅದು ಒಂದು ದಿನವೂ ತಡೆದಿಲ್ಲ. ಅವರಲ್ಲಿ ಪ್ರಾಮಾಣಿಕರಾದವರು ಗುರುಗಳಾಗುವುದನ್ನಷ್ಟೇ ತಡೆಯುತ್ತಿದೆ.

ಆಮೇಲೆ ಮನೆಯಲ್ಲಿ ನಡೆದದ್ದು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಮನೆಗಳಲ್ಲೂ ನಡೆದಿರುತ್ತದೆ. ನಾದಿನಿ ಮಂಗಳವಾರ ಮಂಗಳವಾರ ದೋರನಹಳ್ಳಿಗೆ ಹೋಗಿ ಸಂತ ಅಂತೋಣಿಯವರಿಗೆ ಹರಕೆ ಹೊತ್ತಳು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅವರು. ಹುಡುಗ ಕಳೆದುಹೋಗಿರಲಿಲ್ಲ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದ. ಯಾರದೋ ಮಾತು ಕೇಳಿ ಒಂದು ಬಿಡುಗಡೆ ಪ್ರಾರ್ಥನೆಗೂ ಕರೆದೊಯ್ದರು. ನಾಲ್ಕು ಜನ ತಲೆಯ ಮೇಲೆ ಕೈಯಿಟ್ಟು ಮೈಕಿನಲ್ಲಿ ಕೂಗಿ ದೆವ್ವ ಬಿಡಿಸಿದರು. ದೆವ್ವ ಇದ್ದಿದ್ದರೆ ತಾನೆ ಹೋಗುವುದು? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ‘ಸರಿಪಡಿಸುವ’ ಚಿಕಿತ್ಸೆ ಕೂಡದು ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು, ಅಂಥ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು. ಡಾಕ್ಟರು ಮಾಡಿದರೆ ತಪ್ಪಾಗುವುದು ಪ್ರಾರ್ಥನೆಯ ಹೆಸರಿನಲ್ಲಿ ಮಾಡಿದರೆ ಸರಿಯಾದೀತೆ?

‘ಬ್ರಹ್ಮಚಾರಿ ಆದವರಿಗೆ ಯಾರ ಮೇಲೆ ಮನಸ್ಸು ಅಂತ ಹೇಳೋ ಅಗತ್ಯ ಏನು?’ ಎಂದು ನಮ್ಮ ಕಥೋಲಿಕರಲ್ಲಿ ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಗುರುಗಳ ರಜತ ಮಹೋತ್ಸವದ ಊಟಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಶಾಮಿಯಾನದ ಕೆಳಗೆ ಬಿರಿಯಾನಿ ಬಡಿಸುವ ಮುಂಚೆ ಫಾದರ್ ಮೈಕ್ ಹಿಡಿದು, ‘ನನಗೆ ನಮ್ಮ ಸೋದರತ್ತೆ ಮಗಳನ್ನೇ ತರೋದು ಅಂತ ಮಾತಾಗಿತ್ತು, ದೇವರು ಅವಳನ್ನ ಬಚಾವ್ ಮಾಡಿದ’ ಎನ್ನುತ್ತಾರೆ. ಎಲ್ಲರೂ ಗೊಳ್ಳೆಂದು ನಗುತ್ತೇವೆ. ಆ ಸೋದರತ್ತೆ ಮಗಳೂ ಎರಡನೇ ಸಾಲಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಿರುತ್ತಾಳೆ. ಫಾದರ್ ವ್ರತ ಮುರಿದರು ಎಂದು ಯಾರಾದರೂ ಅಂದುಕೊಂಡೆವೆ? ಇಷ್ಟು ಸಣ್ಣ ಮಾತನ್ನೂ ಆಡಲಾಗದೆ, ಎಲ್ಲಿ ಯಾವ ಮಾತು ಜಾರೀತೋ ಎಂದು ಕಾದುಕೊಂಡು ಬದುಕು ಸಾಗಿಸುವ ಗುರುಗಳೊಬ್ಬರು ಪಕ್ಕದ ಕುರ್ಚಿಯಲ್ಲೇ ಇರಬಹುದು. ಆದಿಚುಂಚನಗಿರಿಯ ಸನ್ಯಾಸಿಗಳಿಗೆ ಅಡ್ಡಬೀಳುವ ನೆರೆಹೊರೆಯ ನಡುವೆ ಬೆಳೆದವರು ನಾವು. ಸನ್ಯಾಸಿಯನ್ನು ಅವನು ಹಿಡಿದ ವ್ರತದಿಂದ ಅಳೆಯಬೇಕು ಎಂದು ನಾಗಮಂಗಲದವರಿಗೆ ನಾನು ಪಾಠ ಹೇಳಬೇಕಾಗಿಲ್ಲ.

ಇನ್ನು ಈ ‘ಜನ ಒಪ್ಪಲ್ಲ’ ಎಂಬ ಮಾತು. ನಮ್ಮ ಸೀಮೆಯಲ್ಲಿ ಇದು ಸೋತಷ್ಟು ಬೇರೆ ಯಾವ ಮಾತೂ ಸೋತಿಲ್ಲ.

ಗಂಜಾಂನ ಅಬ್ಬೆ ದ್ಯುಬುವಾ ಚರ್ಚನ್ನು ನೀವೆಲ್ಲ ನೋಡಿದ್ದೀರಿ. 1799ರಲ್ಲಿ ಟಿಪ್ಪು ಮಡಿದು ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ ಆ ಫ್ರೆಂಚ್ ಪಾದ್ರಿಯ ಮುಂದಿದ್ದ ಕೆಲಸ ಸುಲಭದ್ದಲ್ಲ. 1784ರಲ್ಲಿ ಕರಾವಳಿಯಿಂದ ಹಿಡಿದು ತಂದ ಕ್ರೈಸ್ತರಲ್ಲಿ ಅನೇಕರು ಬಲವಂತಕ್ಕೆ ಮತ ಬದಲಿಸಿದ್ದರು, ಹೆಸರು ಬದಲಾಗಿತ್ತು, ಕುಟುಂಬಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಡೆದುಹೋದ ಆ ಸಮುದಾಯವನ್ನು ಮತ್ತೆ ಕೂಡಿಸಬೇಕಿತ್ತು. ನೀವು ಕೆಟ್ಟುಹೋದವರು ಎಂದು ಅವರು ಬಾಗಿಲು ಹಾಕಿಕೊಂಡಿದ್ದರೆ ಗಂಜಾಂನಲ್ಲಿ ಇವತ್ತು ಗಂಟೆ ಬಾರಿಸಲು ಜನ ಇರುತ್ತಿರಲಿಲ್ಲ. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ‘ದೊಡ್ಡ ಸ್ವಾಮಿಯವರು’ ಎಂದು ಕರೆಸಿಕೊಂಡರು. ಸಿಡುಬಿಗೆ ಲಸಿಕೆ ಹಾಕಿಸಲು ಹೊರಟಾಗ, ಮಾರಮ್ಮನ ಕೋಪ ಎಂದು ನಂಬಿದ್ದ ಕಾಲದಲ್ಲಿ, ಜನ ಒಪ್ಪಲ್ಲ ಅನ್ನಲು ಅವರಿಗೆ ಎಲ್ಲ ಕಾರಣವೂ ಇತ್ತು. 1803–04ರಲ್ಲಿ ಅವರ ಕೆಲಸದಿಂದ ಲಸಿಕೆ ಹಾಕಿಸಿಕೊಂಡವರೆಂದು ದಾಖಲಾದ ಸಂಖ್ಯೆ 25,432. ದ್ಯುಬುವಾರನ್ನು ಸಂತ ಮಾಡುವ ಉದ್ದೇಶ ನನಗಿಲ್ಲ. ಅವರ ದೊಡ್ಡ ಪುಸ್ತಕ ಓದಿದವರಿಗೆ ಗೊತ್ತು, ನಮ್ಮ ಜನರ ಬಗ್ಗೆ ಅದರಲ್ಲಿರುವ ಬಿರುಸು ಮಾತುಗಳು ಕಮ್ಮಿಯಲ್ಲ. ಆದರೆ ಜನರ ಹೆಸರು ಹೇಳಿ ಜಾರಿಕೊಂಡವರಲ್ಲ.

ಪಾಂಡವಪುರದವರಿಗೆ ಮೇಲುಕೋಟೆ ಇದೆ. ರಾಮಾನುಜರು ಅಲ್ಲಿ ಹೊಲೆಮಾದಿಗರನ್ನು ತಿರುಕುಲದವರೆಂದು ಕರೆದು, ವರ್ಷದಲ್ಲಿ ಕೆಲವು ದಿನ ಗುಡಿಯೊಳಗೆ ಬಿಡಿಸಿದರು ಎಂಬ ಐತಿಹ್ಯ ಅಲ್ಲಿನ ಮಕ್ಕಳಿಗೂ ಗೊತ್ತು. ಕೆಲವೇ ದಿನ ಯಾಕೆ, ಉಳಿದ ದಿನ ಯಾಕಿಲ್ಲ ಎಂದು ಕೇಳಬೇಕಾದ್ದೇ. ಆದರೂ ಆ ಕೆಲವು ದಿನಕ್ಕೂ ಅವತ್ತಿನ ಜನ ತಾವಾಗಿ ಒಪ್ಪಿರಲಾರರು.

ನಮ್ಮ ಸಭೆಗಳ ಒಳಗೇ ನೋಡಿ. ದಲಿತ ಗುರುಗಳ ಕೈಯಿಂದ ಪರಮಪ್ರಸಾದ ತೆಗೆದುಕೊಳ್ಳಲು ಮೇಲ್ಜಾತಿಯಿಂದ ಬಂದ ಕ್ರೈಸ್ತರು ಒಪ್ಪುವುದಿಲ್ಲ ಎನ್ನುತ್ತಿದ್ದ ಕಾಲವಿತ್ತು. 2022ರಲ್ಲಿ ಹೈದರಾಬಾದಿನ ಆಂಥೋನಿ ಪೂಲಾ ಮೊದಲ ದಲಿತ ಕಾರ್ಡಿನಲ್ ಆದರು. ಹೆಂಗಸು ರೊಟ್ಟಿ ಮುರಿದರೆ ಜನ ಎದ್ದು ಹೋಗುತ್ತಾರೆ ಎನ್ನುತ್ತಿದ್ದರು. ಸಿಎಸ್‌ಐ 1976ರಿಂದಲೇ ಸ್ತ್ರೀಯರಿಗೆ ದೀಕ್ಷೆ ಕೊಡುತ್ತಿದೆ, 2013ರಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಯಾರೂ ಎದ್ದು ಹೋಗಲಿಲ್ಲ. ಚರ್ಚಿನಿಂದಾಚೆಗೂ ಅಷ್ಟೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಕನ್ನಡದ ಓದುಗರು ಅದನ್ನು ಕೈಗೆತ್ತಿಕೊಂಡು ಓದಿದರು. 2021ರಲ್ಲಿ ಮಂಜಮ್ಮ ಜೋಗತಿ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಪಡೆದಾಗ ನಮ್ಮ ಬೀದಿಯ ಎಲ್ಲರ ಮೊಬೈಲಿನಲ್ಲೂ ಆ ವಿಡಿಯೊ ಓಡಾಡಿತು, ಬೈದುಕೊಂಡು ಕಳಿಸಿದವರು ನನಗೆ ಸಿಗಲಿಲ್ಲ.

ಸಿಎಸ್‌ಐ ಬಂಧುಗಳೇ, ನಿಮಗೆ ಇನ್ನೊಂದು ಮಾತು. ‘ಇದೆಲ್ಲ ಪಾಶ್ಚಾತ್ಯರ ರೋಗ’ ಎನ್ನುತ್ತೀರಿ. ಮೈಸೂರು ಸೀಮೆಗೆ ಸುವಾರ್ತೆಯನ್ನೂ ಶಾಲೆಯನ್ನೂ 1906ರ ಮಿಷನ್ ಆಸ್ಪತ್ರೆಯನ್ನೂ ತಂದ ವೆಸ್ಲಿಯನ್ ಮೆಥೊಡಿಸ್ಟರೂ ಪಾಶ್ಚಾತ್ಯರೇ. ಬ್ರಿಟನ್ನಿನ ಅದೇ ಮೆಥೊಡಿಸ್ಟ್ ಸಭೆ 2021ರ ಜೂನ್‌ನಲ್ಲಿ ಒಂದೇ ಲಿಂಗದವರ ಮದುವೆಯನ್ನು ಚರ್ಚಿನೊಳಗೆ ನಡೆಸಲು ಒಪ್ಪಿತು. ಸ್ಕಾಟ್ಲೆಂಡಿನ ಸಭೆ 2022ರಲ್ಲಿ ಒಪ್ಪಿತು. ಅವರು ಒಪ್ಪಿದರು ಅಂತ ನೀವು ಒಪ್ಪಬೇಕಿಲ್ಲ, ನಿಮಗೂ ಬುದ್ಧಿಯಿದೆ. ಆದರೆ ಸಲಿಂಗ ಸಂಬಂಧವನ್ನು ಅಪರಾಧವೆಂದ 377ನೇ ಕಲಮನ್ನು 1860ರಲ್ಲಿ ಕಾನೂನು ಮಾಡಿದವರೂ ಬ್ರಿಟಿಷರೇ. ಅವರು ಕೊಟ್ಟ ಶಿಕ್ಷೆಯನ್ನು ನಮ್ಮ ಸಂಸ್ಕೃತಿ ಎಂದು ಇಟ್ಟುಕೊಂಡು, ಅವರ ಮೊಮ್ಮಕ್ಕಳ ಪಶ್ಚಾತ್ತಾಪವನ್ನು ಮಾತ್ರ ಪರದೇಶದ್ದು ಎಂದರೆ ಹೇಗೆ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಪರಸ್ಪರ ಒಪ್ಪಿದ ವಯಸ್ಕರ ಮಟ್ಟಿಗೆ ಆ ಶಿಕ್ಷೆಯನ್ನು ತೆಗೆದುಹಾಕಿತು. ನನಗೆ ನಾಚಿಕೆಯಾಗುವ ಸಂಗತಿ ಎಂದರೆ, ಆ ಕಲಂ ಉಳಿಯಲಿ ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತವರಲ್ಲಿ ನಮ್ಮ ಕ್ರೈಸ್ತ ಒಕ್ಕೂಟಗಳೂ ಇದ್ದವು. ನಮ್ಮವರೇ ಆದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ 2013ರಲ್ಲಿ, ಸಲಿಂಗಪ್ರೇಮಿಗಳನ್ನು ಧರ್ಮಸಭೆ ಯಾವತ್ತೂ ಅಪರಾಧಿಗಳೆಂದು ಕಂಡಿಲ್ಲ ಎಂದು ಹೇಳಿದ್ದರು ಎಂಬುದೊಂದೇ ಸಮಾಧಾನ.

ರೋಮಿನ ಮಾತು ಒಂದೇ ದಿಕ್ಕಿನಲ್ಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಬೇರೂರಿದ ಸಲಿಂಗ ಒಲವಿರುವವರನ್ನು ಗುರುಮಠಕ್ಕೆ ಸೇರಿಸಬಾರದು ಎಂದು 2005ರ ಸುತ್ತೋಲೆ ಹೇಳುತ್ತದೆ. ಅದು ಇನ್ನೂ ರದ್ದಾಗಿಲ್ಲ. 2013ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ರಿಯೊದಿಂದ ಹಿಂತಿರುಗುವ ವಿಮಾನದಲ್ಲಿ, ದೇವರನ್ನು ಅರಸುವ ಅಂಥವರನ್ನು ತೀರ್ಪು ಮಾಡಲು ತಾನು ಯಾರು ಎಂದರಲ್ಲ, ಆ ಪ್ರಶ್ನೆ ಎದ್ದದ್ದೇ ಒಬ್ಬ ಗುರುವಿನ ವಿಚಾರವಾಗಿ. 2023ರ ಡಿಸೆಂಬರಿನಲ್ಲಿ ಸಲಿಂಗ ಜೋಡಿಗಳನ್ನು ಆಶೀರ್ವದಿಸಬಹುದು ಎಂದು ವ್ಯಾಟಿಕನ್ ಹೇಳಿತು. ಮರುವರ್ಷವೇ ಅದೇ ಫ್ರಾನ್ಸಿಸ್ ಇಟಲಿಯ ಧರ್ಮಾಧ್ಯಕ್ಷರ ಸಭೆಯಲ್ಲಿ ಒರಟು ಪದ ಬಳಸಿದರೆಂಬ ವರದಿ ಬಂದು, ವ್ಯಾಟಿಕನ್ ಕ್ಷಮೆ ಕೇಳಬೇಕಾಯಿತು. ಜಗದ್ಗುರುಗಳೇ ಹಿಂದೆಮುಂದೆ ಆಡಿರುವಾಗ ನಾವು ಪಾಲನಾ ಮಂಡಳಿಯವರು ಕಲ್ಲುಬಂಡೆಯಂತೆ ಖಚಿತವಾಗಿರುವುದು ವಿಚಿತ್ರವಲ್ಲವೆ?

ಬಾಯಿಬಿಟ್ಟು ಹೇಳಿದವರ ಪಾಡೇನಾಯಿತು ಎಂಬುದೂ ಗೊತ್ತಿರಲಿ. ಅಮೆರಿಕದ ಜೀನ್ ರಾಬಿನ್ಸನ್ 2003ರಲ್ಲಿ ಬಿಷಪ್ ಆಗಿ ಅಭಿಷೇಕ ಪಡೆದಾಗ ಉಡುಪಿನ ಒಳಗೆ ಗುಂಡು ತಡೆಯುವ ಕವಚ ತೊಟ್ಟಿದ್ದರು. ನೈಜೀರಿಯಾದ ಜೀಡೆ ಮೆಕಾಲೆ 2006ರಲ್ಲಿ ಲಾಗೋಸ್ ನಗರದಲ್ಲಿ ‘ಹೌಸ್ ಆಫ್ ರೈನ್‌ಬೋ’ ಎಂಬ ಸಭೆ ಕಟ್ಟಿದರು, ಎರಡೇ ವರ್ಷಕ್ಕೆ ಜೀವ ಬೆದರಿಕೆ ಬಂದು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿಂದಲೇ ಸಲಿಂಗಪ್ರೇಮಿಗಳಿಗಾಗಿ ದುಡಿಯುವುದನ್ನು ಮುಂದುವರಿಸಿದರು. ಡೆಸ್ಮಂಡ್ ಟೂಟು ಅವರ ಮಗಳು ಎಂಫೊ ಟೂಟು ಆಂಗ್ಲಿಕನ್ ಗುರು. ಹೆಂಗಸನ್ನು ಮದುವೆಯಾದದ್ದಕ್ಕೆ 2016ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತಮ್ಮ ಗುರುಸೇವೆಯ ಪರವಾನಗಿಯನ್ನು ಬಿಟ್ಟುಕೊಡಬೇಕಾಯಿತು. 2022ರಲ್ಲಿ ಇಂಗ್ಲೆಂಡಿನಲ್ಲಿ ಸ್ವಂತ ಜ್ಞಾನತಂದೆಯ ಅಂತ್ಯಕ್ರಿಯೆಯನ್ನು ಚರ್ಚಿನಲ್ಲಿ ನಡೆಸಿಕೊಡಲು ಅವರಿಗೆ ಬಿಡಲಿಲ್ಲ. ಮನೆಯವರು ಚರ್ಚು ಬಿಟ್ಟು ತೋಟದಲ್ಲಿ ಶಾಮಿಯಾನ ಹಾಕಿಸಿ ಅವರಿಂದಲೇ ಮಾಡಿಸಿದರು. ಬಿಷಪ್ಪರು ಬೇಡವೆಂದರು, ಜನ ಒಪ್ಪಿದರು.

ಬೈಬಲ್ ಏನು ಹೇಳುತ್ತದೆ ಎಂದು ಕೇಳುವಿರಿ. ಗಂಡು ಗಂಡನ್ನು ಕೂಡಬಾರದೆನ್ನುವ ಯಾಜಕಕಾಂಡದ ಆ ವಚನ ನನಗೂ ಬಾಯಿಪಾಠ. ಅದೇ ಕಾಂಡ ಹಂದಿಯನ್ನೂ ಮುಟ್ಟಬೇಡ ಎನ್ನುತ್ತದೆ, ಕ್ರಿಸ್‌ಮಸ್ ದಿನ ನಮ್ಮ ಎಷ್ಟೋ ಮನೆಗಳ ಒಲೆಯ ಮೇಲೆ ಏನು ಬೇಯುತ್ತಿರುತ್ತದೆ ಎಂದು ನಾನು ಹೇಳಬೇಕೆ? ಸೊದೋಮಿನ ಪಾಪ ಯಾವುದೆಂದು ಯೆಹೆಜ್ಕೇಲನ ಹದಿನಾರನೇ ಅಧ್ಯಾಯ ತೆರೆದು ನೋಡಿ: ಹೊಟ್ಟೆತುಂಬಿದ ಸೊಕ್ಕು, ಬಡವನ ಕೈ ಹಿಡಿಯದಿರುವುದು. ಧರ್ಮೋಪದೇಶಕಾಂಡ ಸಭೆಗೆ ಸೇರಿಸಬಾರದೆಂದ ಕಂಚುಕಿಯನ್ನು ಯೆಶಾಯ ಒಳಗೆ ಕರೆಯುತ್ತಾನೆ. ಅಂಥದೇ ಒಬ್ಬನಿಗೆ ಫಿಲಿಪ್ಪ ದಾರಿಬದಿಯ ನೀರಿನಲ್ಲಿ ದೀಕ್ಷಾಸ್ನಾನ ಕೊಡುತ್ತಾನೆ, ಯಾವ ಕಮಿಟಿಯನ್ನೂ ಕೇಳದೆ. ಪೌಲನ ಮಾತುಗಳ ಬಗ್ಗೆ ಪಂಡಿತರು ಜಗಳವಾಡುತ್ತಲೇ ಇದ್ದಾರೆ, ನಾನು ಪಂಡಿತಳಲ್ಲ.

ಮಕ್ಕಳ ವಿಚಾರ ತೆಗೆಯುವವರಿದ್ದಾರೆ, ಅದಕ್ಕೆ ಗಟ್ಟಿಯಾಗಿ ಉತ್ತರ ಕೊಡಬೇಕು. ಮಗುವನ್ನು ಮುಟ್ಟುವವನು ಅಪರಾಧಿ. ಅವನು ಮುಟ್ಟಿದ್ದು ಹುಡುಗನನ್ನೋ ಹುಡುಗಿಯನ್ನೋ ಎಂಬುದು ಲೆಕ್ಕಕ್ಕಿಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಅವನ ಜಾಗ ಜೈಲು, ಗೊತ್ತಿದ್ದೂ ದೂರು ಕೊಡದವರಿಗೂ ಅಲ್ಲಿ ಶಿಕ್ಷೆಯಿದೆ. ವಯಸ್ಕನಾದ ಸಲಿಂಗಪ್ರೇಮಿಯನ್ನು ಅವನ ಜೊತೆ ಕಟ್ಟುವುದು ಅನ್ಯಾಯ ಮಾತ್ರವಲ್ಲ, ಅಪಾಯ ಕೂಡ. ಗುಟ್ಟು ಇಟ್ಟುಕೊಂಡು ಬದುಕುವ ಗುರುಗಳು ಇನ್ನೊಬ್ಬರ ಕೊಳಕು ಕಣ್ಣಿಗೆ ಬಿದ್ದರೂ ಬಾಯಿ ಬಿಡುವುದಿಲ್ಲ, ತನ್ನದೂ ಬಯಲಾದೀತೆಂದು. ಮುಚ್ಚಿಡುವ ಅಭ್ಯಾಸದಿಂದ ಮಕ್ಕಳಿಗೆ ಒಳ್ಳೆಯದಾದ ಉದಾಹರಣೆ ಲೋಕದಲ್ಲೆಲ್ಲೂ ಇಲ್ಲ.

ನಿಮ್ಮ ನಿಜವಾದ ಭಯ ಬೇರೆಯೇ ಎಂದು ನನಗೆ ಗೊತ್ತು, ಅದನ್ನು ಹಗುರವಾಗಿ ಕಾಣುವುದಿಲ್ಲ. ಈ ಜಿಲ್ಲೆಯಲ್ಲಿ ನೂರು ಜನಕ್ಕೆ ಒಬ್ಬ ಕ್ರೈಸ್ತನೂ ಸಿಗುವುದಿಲ್ಲ. 2022ರ ಮತಾಂತರ ಕಾಯ್ದೆ ಬಂದಮೇಲೆ ಮನೆಯಲ್ಲಿ ನಾಲ್ಕು ಜನ ಕೂತು ಹಾಡಿದರೂ ಯಾರಾದರೂ ಬಾಗಿಲು ಬಡಿದಾರೆಂಬ ಅಳುಕು. ‘ಮೊದಲೇ ನಮ್ಮ ಮೇಲೆ ಕಣ್ಣಿದೆ, ಇದನ್ನೂ ಯಾಕೆ ಎಳ್ಕೊಂಡು ಬರ್ತೀರಿ ಟೀಚರ್?’ ಎಂದು ಕೆ.ಆರ್.ಪೇಟೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಆದರೆ ಯೋಚಿಸಿ ಅಣ್ಣಾ: ನೀವು ಯಾರು ಅಂತ ಹೇಳಿಕೊಳ್ಳಬೇಡಿ, ಮನೆಯೊಳಗೇ ಇಟ್ಟುಕೊಳ್ಳಿ, ನಿಮ್ಮಿಂದ ಸಮಾಜ ಕೆಡುತ್ತದೆ ಎಂದು ಹೊರಗಿನವರು ನಮಗೆ ಅಂದಾಗ ಎಷ್ಟು ಉರಿಯುತ್ತದೆ! ಅದನ್ನೇ ನಾವು ನಮ್ಮ ಹುಡುಗನಿಗೆ ಅಕ್ಷರ ಬಿಡದೆ ಹೇಳುತ್ತಿದ್ದೇವೆ.

ಕೆ.ಆರ್.ಪೇಟೆಯ ಹೆಸರು ಬಂತಲ್ಲ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಂಡ ಹೆಂಡಿರ ಒಲವನ್ನು ನಾಡಿನ ಬಾಯಲ್ಲೆಲ್ಲ ಹಾಡಿಸಿದ ಕೆ.ಎಸ್. ನರಸಿಂಹಸ್ವಾಮಿಯವರು ನಿಮ್ಮ ಕಿಕ್ಕೇರಿಯವರು. ಆ ನೆಲದಲ್ಲಿ ನಿಂತು, ‘ಒಂದು ಮದುವೆ ಮಾಡಿ, ಎಲ್ಲ ಸರಿಹೋಗ್ತದೆ’ ಎಂದು ಇಂಥ ಹುಡುಗರಿಗೆ ಹೆಣ್ಣು ಹುಡುಕಬೇಡಿ. ಸರಿಹೋಗುವುದಿಲ್ಲ. ಏನೂ ಅರಿಯದ ಒಬ್ಬ ಹೆಣ್ಣುಮಗಳ ಬದುಕು ಜೊತೆಗೆ ಹಾಳಾಗುತ್ತದೆ, ಅವಳೂ ನಮ್ಮ ಸಭೆಯ ಮಗಳೇ.

ಇನ್ನು ನಾನು ಕೇಳುವುದು. ಮೆರವಣಿಗೆ ಬೇಡ, ಬಾವುಟ ಬೇಡ. ಬೆಂಗಳೂರಿನಲ್ಲಿ 2008ರಿಂದ ಅದು ನಡೆಯುತ್ತಿದೆ, ಅವರು ಚೆನ್ನಾಗಿಯೇ ಮಾಡುತ್ತಾರೆ. ಮುಂದಿನ ತಿಂಗಳು ನಿಮ್ಮ ನಿಮ್ಮ ಪಾಲನಾ ಮಂಡಳಿಯೋ ಪಾಸ್ಟರೇಟ್ ಕಮಿಟಿಯೋ ಸೇರಿದಾಗ, ಚರ್ಚಿನ ಸುಣ್ಣಬಣ್ಣದ ಲೆಕ್ಕ ಮುಗಿದ ಮೇಲೆ, ಒಬ್ಬರು ಎದ್ದು ನಿಂತು ಇಷ್ಟು ಹೇಳಿ: ವ್ರತ ಪಾಲಿಸುವ, ಜನರನ್ನು ಪ್ರೀತಿಸುವ ಗುರುಗಳು ತಾನು ಸಲಿಂಗಪ್ರೇಮಿ ಎಂದು ಹೇಳಿಕೊಂಡರೆ ಅವರ ಕೈಯಿಂದ ಪರಮಪ್ರಸಾದ ಸ್ವೀಕರಿಸಲು ನಮ್ಮ ಅಭ್ಯಂತರವಿಲ್ಲ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ಧರ್ಮಾಧ್ಯಕ್ಷರಿಗೆ ಕಳಿಸಿ. ವಿರೋಧಿಸುವವರಿದ್ದರೆ ಅವರ ಮಾತನ್ನೂ ಬರೆದುಕೊಳ್ಳಿ. ಇನ್ನು ಮುಂದೆ ಜನ ಒಪ್ಪಲ್ಲ ಎಂದು ಯಾರಾದರೂ ಹೇಳಿದರೆ, ಯಾವ ಊರಿನ ಜನ, ಯಾವ ತಾರೀಖಿನ ಸಭೆ ಎಂದು ಕೇಳಲಾದರೂ ಆಗಲಿ.

ನಮ್ಮ ಸಭೆಯಲ್ಲಿ ಇದನ್ನು ನಾನೇ ಎತ್ತುತ್ತೇನೆ. ಅನುಮೋದಿಸಲು ಇನ್ನೊಬ್ಬರು ಬೇಕು.

ಇಂತಿ,
ನಿಮ್ಮ ಸಹೋದರಿ,
ನಿವೃತ್ತ ಕನ್ನಡ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು